ಕೆಂಪೇ ಚೆಂದ

ಬೆಣ್ಣೆ ಇನ್ನೂ ಕಲ್ಲಿನ ಹಾಗೇ ಇದೆ, ಬೆರಳು ಒತ್ತಿದರೂ ಗುರುತು ಬೀಳುತ್ತಿಲ್ಲ, ಮೊದಲೇ ಹೊರಗೆ ತೆಗೆದಿಡಬೇಕಿತ್ತು, ಈಚೆಗೆ ನನ್ನ ತಲೆಯೂ ಅಷ್ಟೇ — ಇರಲಿ, ಅಂಗೈ ಬಿಸಿಗೆ ಕರಗುತ್ತದೆ, ಸಕ್ಕರೆ, ಹಿಟ್ಟು ಹಾಕಿ ನಾದಿದರಾಯಿತು, ಎದುರಿಗೆ ಇವರು ಕುರ್ಚಿಯಲ್ಲಿ ಕೂತಿದ್ದಾರೆ, ಬಲಗೈ ಯಾರೋ ಬಿಟ್ಟುಹೋದ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿದೆ, ಲಕ್ವ ಹೊಡೆದು ಎಂಟು ತಿಂಗಳು, ಆ ಬಾಯಿಂದ ಒಂದು ಮಾತಿಲ್ಲ, ಕಂಡವರ ಗೋಡೆಗೆಲ್ಲ ಬಣ್ಣ ಬಳಿಯುತ್ತ ಏಣಿ ಮೇಲಿಂದಲೇ ದಾರಿಹೋಕರನ್ನು ಮಾತಿಗೆಳೆಯುತ್ತಿದ್ದ ಬಾಯಿ. ಬೆಳಿಗ್ಗೆ ಫೋನಿನಲ್ಲಿ ಮಗಳು, ಅಮ್ಮಾ, ಅಪ್ಪಂಗೆ ಏನು ಅರ್ಥ ಆಗುತ್ತೋ ಏನು ಬಿಡುತ್ತೋ, ಆಸೆ ಇಟ್ಕೋಬೇಡ, ಈ ವರ್ಷ ಬಿಸ್ಕತ್ತು ಬೇರೆ ಯಾಕೆ ಮೈಮೇಲೆ ಹಾಕ್ಕೊಂಡೆ. ಯಾಕೆ ಅಂದರೆ ಏನು ಹೇಳಲಿ, ವರ್ಷದ ಕೊನೆಯ ರಜೆ ಬಂತೆಂದರೆ ನಮ್ಮ ಕಿಟಕಿಯಲ್ಲಿ ಇವು ತೂಗಲೇಬೇಕು, ನಕ್ಷತ್ರ ಕತ್ತರಿಸಿ, ಅದರ ನಡುವೆ ಪುಟ್ಟ ನಕ್ಷತ್ರದ ತೂತು ಕೊರೆದು, ತೂತಿಗೆ ಪೆಪ್ಪರಮೆಂಟಿನ ಚೂರು ತುಂಬಿ ಓವನ್ನಿಗಿಟ್ಟರೆ ಕರಗಿ ಬಣ್ಣದ ಗಾಜಾಗುತ್ತದೆ, ಹಿಟ್ಟು ನನ್ನ ಪಾಲು, ಪೆಪ್ಪರಮೆಂಟು ಕುಟ್ಟುವುದು ಇವರ ಪಾಲು, ಬಟ್ಟೆಯಲ್ಲಿ ಸುತ್ತಿ ಗೋಡೆ ಕೆಡವುವವರಂತೆ ಬಡಿಯುವುದು, ಆಮೇಲೆ ಪ್ರತಿ ವರ್ಷ ಅದೇ ಜಗಳ — ನಾನು ಕೆಂಪು ಅಂದರೆ ಇವರು ಹಸಿರು, ಕೆಂಪು ಯಾರು ಬೇಕಾದ್ರೂ ಹಾಕ್ತಾರೆ ಕಣೇ, ಬಣ್ಣದ ವಿಷಯ ನಿಂಗೊತ್ತಾ ನಂಗೊತ್ತಾ. ಮದುವೆಯ ಹೊಸತರಲ್ಲಿ ಈ ಅಡುಗೆಮನೆಗೆ ಗುಲಾಬಿ ಬಣ್ಣ ಕೇಳಿದ್ದೆ, ಸಂಜೆ ಬಂದು ನೋಡಿದರೆ ನಾಲ್ಕೂ ಗೋಡೆ ಹಸಿರು, ಮೂರು ದಿನ ಮಾತು ಬಿಟ್ಟಿದ್ದೆ, ಈಗ ಆ ಮೂರು ದಿನ ವಾಪಸ್ಸು ಕೊಡಿ ಅಂದರೆ ಯಾರು ಕೊಡುತ್ತಾರೆ.

ಲಟ್ಟಣಿಗೆಯನ್ನು ಇವರ ಎಡಗೈಗೆ ಕೊಟ್ಟೆ, ಹಿಡಿದರು, ಏನೆಂದು ನೋಡಿದರು, ಮೊದಲನೆಯ ಏಟು ಮೇಜಿಗೆ, ಎರಡನೆಯದು ಪೆಪ್ಪರಮೆಂಟಿಗೆ, ಸಾಕು ಸಾಕು ಅನ್ನುವಷ್ಟು ಕುಟ್ಟಿದರು, ಆದರೂ ಮುಖದಲ್ಲಿ ಏನೂ ಇಲ್ಲ, ಲಟ್ಟಣಿಗೆ ತೆಗೆದುಕೊಂಡರೆ ಕೈ ಹಾಗೇ ಗಾಳಿಯಲ್ಲಿ ನಿಂತಿತು, ನಾನೇ ಕೆಳಗಿಳಿಸಿದೆ. ಎರಡು ಬಟ್ಟಲು, ಕೆಂಪೊಂದು ಹಸಿರೊಂದು, ಹಿಟ್ಟು ಲಟ್ಟಿಸಿ ಕತ್ತರಿಸಿದ ಹನ್ನೆರಡು ನಕ್ಷತ್ರಕ್ಕೂ ಕೆಂಪೇ ತುಂಬಿದೆ, ಬೇಡ ಅನ್ನುವವರು ಯಾರು, ತುಂಬಿ ಮುಗಿದ ಮೇಲೆ ತಟ್ಟೆ ನೋಡಿದೆ, ಎದುರಾಡುವವರಿಲ್ಲದ ಮನೆಯಲ್ಲಿ ಗೆದ್ದು ಏನು ಮಾಡಲಿ — ಓವನ್ ಕಾದಿದೆಯೇ ನೋಡೋಣವೆಂದು ಬಗ್ಗಿದೆ, ಕಾದಿದೆ, ಕೈಬಟ್ಟೆ ಎಲ್ಲಿಟ್ಟೆ, ತಿರುಗಿದರೆ ಇವರ ಎಡಗೈ ತಟ್ಟೆಯಲ್ಲಿದೆ. ಹೆಬ್ಬೆರಳಿನಿಂದ ಮೊದಲನೆಯ ನಕ್ಷತ್ರದ ಕೆಂಪನ್ನು ಕೆರೆದು ಹೊರಗೆ ತಳ್ಳುತ್ತಿದ್ದಾರೆ, ಬಟ್ಟಲಿಂದ ಹಸಿರು ಚಿವುಟಿ, ಅರ್ಧ ಮೇಜಿನ ಮೇಲೆ ಚೆಲ್ಲಿ, ಉಳಿದರ್ಧ ತೂತಿಗೆ, ಒತ್ತಿ, ಎರಡನೆಯದಕ್ಕೆ ಹೋದರು. ರೀ, ಹಾಳ್ ಮಾಡ್ಬೇಡಿ, ಬಾಯಿ ತಾನಾಗಿ ಅಂದುಬಿಟ್ಟಿತು, ತಲೆಯೆತ್ತಿ ನೋಡಿದರು, ನನ್ನನ್ನೇ, ಏಣಿ ಮೇಲಿಂದ ನೋಡುತ್ತಿದ್ದರಲ್ಲ, ನಿಂಗೇನು ಗೊತ್ತು ಅನ್ನುವ ಹಾಗೆ, ಮತ್ತೆ ತಲೆ ಬಗ್ಗಿಸಿದರು. ಮಗಳಿಗೆ ಫೋನು ಮಾಡಬೇಕು, ಆಮೇಲೆ ಮಾಡೋಣ, ಕೂತುಕೊಂಡೆ, ಓವನ್ ಬರಿದೇ ಉರಿಯುತ್ತಿದೆ, ಉರಿಯಲಿ, ಕೆಂಪೇ ಚೆಂದ ಅಂದೆ, ಹೆಬ್ಬೆರಳು ಮೂರನೆಯದನ್ನು ಕೆರೆಯಿತು, ನಿಮ್ದು ಯಾವಾಗ್ಲೂ ಇದೇ ಆಯ್ತು, ಕೆಂಪೇ ಚೆಂದ ಅಂದೆ, ಇನ್ನೂ ಜೋರಾಗಿ, ಅಂಟಂಟು ಹೆಬ್ಬೆರಳು, ಉಗುರಿನ ಸಂದಿಯವರೆಗೂ ಹಸಿರು ಪುಡಿ, ನಾಲ್ಕನೆಯದರೊಳಗೆ, ಒತ್ತುತ್ತಿದೆ, ಹೆಬ್ಬೆರಳು —