ಅಂಗಳದಲ್ಲಿ ಇಪ್ಪತ್ತಾರು ತಿಂಗಳು

ಕೂತ ಕೂಡಲೇ ಕುರ್ಚಿಯ ಮೇಲಿನ ದಿಂಬು ಉಸ್ಸೆಂದಿತು, ಇದೂ ಸುಳ್ಳುಪತ್ತೆ ಯಂತ್ರಕ್ಕೇ ಸೇರಿದ್ದಿರಬೇಕು, ಕೂತವನು ಮಿಸುಕಿದರೂ ಬರೆದುಕೊಳ್ಳುತ್ತದೇನೋ, ವೆಂಡೆಲ್ ಸ್ಟ್ರೌಡ್ ಮಿಸುಕದೆ ಕೂತ, ಇಷ್ಟು ಮಿಸುಕದೆ ಕೂತರೆ ಅದೂ ಅನುಮಾನವೇ ಎಂದು ಸ್ವಲ್ಪ ಮಿಸುಕಿದ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಗೋಡೆಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ, ಕಿಟಕಿಯಿಲ್ಲ. ಒಳಗಿನವರ ಕೋಣೆಗಳಿಗೆ ಯಾವುದಕ್ಕೂ ಕಿಟಕಿ ಇರುವುದಿಲ್ಲವಂತೆ, ಅಂಗಳದವರಿಗೆ ಮಾತ್ರ ಕಿಟಕಿ. ಅಂಗಳ ಎಂದು ಹೆಸರಿಟ್ಟವನು ತಾನೇ, ಕಂಪನಿಯ ಹೊರಕೋಣೆಗೆ, ಸರ್ಕಾರದ ಒಪ್ಪಿಗೆ ಬರುವ ತನಕ ಗುಪ್ತ ಕೆಲಸದ ಒಂದು ಹಾಳೆಯನ್ನೂ ಮುಟ್ಟುವಂತಿಲ್ಲದವರನ್ನು ಕೂರಿಸುವ ಕೋಣೆಗೆ. ಇಪ್ಪತ್ತಾರು ತಿಂಗಳು ಅಲ್ಲಿ ಕೂತು ತರಬೇತಿಯ ಅವವೇ ಚಿತ್ರಗಳನ್ನು ನೋಡಿದ್ದಾನೆ, ಮೇರಿಲ್ಯಾಂಡಿನ ಮೂರು ಚಳಿಗಾಲಗಳನ್ನು ಕಿಟಕಿಯಾಚೆ ನೋಡಿದ್ದಾನೆ, ತನ್ನ ನಂತರ ಬಂದ ಹನ್ನೊಂದು ಜನ ಬ್ಯಾಡ್ಜ್ ಹಾಕಿಕೊಂಡು ಒಳಗೆ ಹೋಗುವಾಗ ಕೇಕು ತಿಂದು ಚಪ್ಪಾಳೆ ತಟ್ಟಿದ್ದಾನೆ. ಈ ತಿಂಗಳ ಕೊನೆಗೆ ಒಪ್ಪಿಗೆ ಬರದಿದ್ದರೆ ಆ ಜಾಗ ಬೇರೆಯವರಿಗೆ, ಕಂಪನಿಯ ಹೆಂಗಸು ತುಂಬ ಮೃದುವಾಗಿ ಹೇಳಿದಳು, ಉಳಿದಿರೋದು ಸುಳ್ಳುಪತ್ತೆ ಒಂದೇ ಅಲ್ವಾ, ಆಗಿಬಿಡತ್ತೆ ಬಿಡಿ.

ಮೇಜಿನಾಚೆ ಕೂತವನು ತನ್ನ ಹೆಸರು ಕೀತ್ ಎಂದ, ಹೆತ್ತವರಿಟ್ಟ ಹೆಸರೋ ಕೆಲಸದ ಹೆಸರೋ, ತೋಳಿಲ್ಲದ ಸ್ವೆಟರು, ದಪ್ಪ ಬೆರಳುಗಳು, ಪಾದ್ರಿಯ ದನಿ. ನಡೀನಳನ್ನು ಕೂರಿಸಿದ್ದೂ ಇದೇ ಕುರ್ಚಿಯಲ್ಲೇ? ಇದೇ ಬೆರಳುಗಳೇ ಅವಳ ಎದೆಗೆ ಪಟ್ಟಿ ಸುತ್ತಿದ್ದು? ನನ್ನ ಹೆಂಡತಿ ನಿನ್ನೆದುರು ಏನೇನು ಹೇಳಿದಳಪ್ಪಾ, ಕೇಳಿಬಿಡೋಣ ಅನ್ನಿಸಿತು. ಒಂಬತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನಿಗೆ ಗೊತ್ತಿಲ್ಲದ್ದು ಈ ಸ್ವೆಟರಿನವನಿಗೆ ನಾಲ್ಕು ಗಂಟೆಯಲ್ಲಿ ಗೊತ್ತಾಗಿದೆ. ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ. ಈ ಕೆಲಸದ ಸುದ್ದಿ ಮನೆಗೆ ತಂದವನು ಯಾರು, ಊಟದ ಮೇಜಿನ ಮೇಲೆ ಅವಳ ಅರ್ಜಿ ತುಂಬಿಸಿದವನು ಯಾರು, ನೂರಮೂವತ್ತು ಪುಟ, ಹತ್ತು ವರ್ಷದ ಮನೆವಿಳಾಸ, ಪ್ರತಿ ಮನೆಗೂ ನಮ್ಮನ್ನು ಬಲ್ಲ ಒಬ್ಬ ನೆರೆಯವನ ಹೆಸರು, ಆ ನೆರೆಯವರ ಬಾಗಿಲು ತಟ್ಟಿ ಇವಳು ಕುಡಿಯುತ್ತಾಳಾ, ಗಂಡ ಹೆಂಡತಿ ಜಗಳವಾಡುತ್ತಾರಾ ಎಂದು ಕೇಳಿಹೋಗುವವರು ಬೇರೆ. ತನ್ನ ಅರ್ಜಿ ಮೊದಲು ಹೋಯಿತು, ಅವಳದ್ದು ಆರು ವಾರದ ನಂತರ. ಅವಳು ಹನ್ನೊಂದನೇ ತಿಂಗಳಿಗೆ ಒಳಗೆ. ಬೆಳಿಗ್ಗೆ ಏಳಕ್ಕೆ ಬಾಗಿಲಿನಾಚೆಯ ಪುಟ್ಟ ಗೂಡಿನಲ್ಲಿ ಫೋನು ಇಟ್ಟಳೆಂದರೆ ಸಂಜೆ ತನಕ ಅವಳಿಲ್ಲ, ಕರೆದರೂ ಇಲ್ಲ, ಗೂಡಿನೊಳಗೆ ತನ್ನ ಹೆಸರು ಹೊತ್ತಿ ಹೊತ್ತಿ ಆರುತ್ತದೆ. ಮನೆಗೆ ಬಂದವಳನ್ನು ಹೇಗಿತ್ತು ದಿನ ಎಂದರೆ, ಚೆನ್ನಾಗಿತ್ತು. ಏನು ಮಾಡಿದೆ ಎಂದರೆ, ಕೆಲಸ. ಯಾರ ಜೊತೆ ಊಟ ಎಂದರೆ, ಜನದ ಜೊತೆ, ವೆನ್.

ಜನ ಎಂದರೆ ಗ್ರೇಡಿ, ಅವಳ ಜೊತೆ ಒಳಗೆ ಕೆಲಸ ಮಾಡುವವನು. ಗುರುವಾರ ಗುರುವಾರ ಇಬ್ಬರೂ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುವುದು, ಗ್ರೇಡಿಯ ಕಾರು, ಗ್ರೇಡಿಯ ಹಲ್ಲು, ಅಷ್ಟೊಂದು ಬೆಳ್ಳಗೆ ಯಾರಿಗಾದರೂ ಹಲ್ಲು ಇರುತ್ತವೆಯೇ. ಜುಲೈನಲ್ಲಿ ಗ್ರೇಡಿಯ ಹಿತ್ತಲಲ್ಲಿ ಏಡಿ ಊಟ, ಮೇಜಿಗೆ ಹಳೇ ಪೇಪರು ಹಾಸಿ, ಮರದ ಸುತ್ತಿಗೆಗಳು, ಬೆರಳೆಲ್ಲ ಕೆಂಪು ಮಸಾಲೆ, ತಾನು ಬಿಯರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಡೀನ್ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು, ತನ್ನೆದುರು ಹಾಗೆ ನಕ್ಕು ಎಷ್ಟು ಕಾಲವಾಯಿತು, ತನ್ನನ್ನು ಕಂಡದ್ದೇ ನಗು ನಿಂತುಹೋಯಿತು, ನಲ್ಲಿ ನಿಲ್ಲಿಸಿದ ಹಾಗೆ. ಏನು ಸಮಾಚಾರ ಎಂದ. ಏನಿಲ್ಲ ಮಾರಾಯ, ಸೆಕೆ ಬಗ್ಗೆ ಮಾತಾಡ್ತಿದ್ವಿ, ಎಂದ ಗ್ರೇಡಿ, ಆಮೇಲೆ ಏಡಿಯ ಕಾಲು ಮುರಿಯುತ್ತ, ಇನ್ನೂ ಅಂಗಳದಲ್ಲೇ ಇದೀಯಾ ವೆಂಡೆಲ್, ಅಲ್ಲಿ ಹೂಗಿಡ ನೆಟ್ಕೊಂಡು ಕೂತ್ಬಿಡು ಇನ್ನು. ಎಲ್ಲರೂ ನಕ್ಕರು, ತಾನೂ ನಕ್ಕ. ಒಳಗಿನವರು ಹೊರಗಿನವನ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳಬೇಕು, ಅದು ನಿಯಮ, ಗೊತ್ತು, ಆದರೆ ಬೀಗದ ಹಿಂದೆ ಇರುವುದು ಸರ್ಕಾರದ ಗುಟ್ಟೋ ಇವರಿಬ್ಬರದೋ ಎಂದು ಹೊರಗೆ ನಿಂತವನು ಹೇಗೆ ಹೇಳಬೇಕು.

ಆದರೆ ಹುಳ ಹೊಕ್ಕದ್ದು ಗ್ರೇಡಿಯಿಂದಲ್ಲ, ಅದಕ್ಕೂ ಮುಂಚೆ, ಅವಳು ಈ ಯಂತ್ರಕ್ಕೆ ಕೂತುಬಂದ ಸಂಜೆ. ಮುಖ ಬಾಡಿತ್ತು, ಕಣ್ಣು ಕೆಂಪಗಿದ್ದವು, ತಟ್ಟೆಗೆ ಕೈ ಚಾಚಿದಾಗ ನೋಡಿದ, ಎಡಗೈಯ ಉಂಗುರದ ಬೆರಳು ಬರಿದು, ಉಂಗುರವಿದ್ದ ಜಾಗದಲ್ಲಿ ಬಿಳಿ ಗೆರೆ. ಉಂಗುರ ಎಲ್ಲಿ ಎಂದ. ಅವಳು ಬೆರಳು ಮಡಚಿಕೊಂಡಳು. ಇವತ್ತಿಂದು ಏನೂ ಕೇಳ್ಬೇಡ ವೆನ್, ಹೇಳೋ ಹಾಗಿಲ್ಲ. ಮರುದಿನ ಉಂಗುರ ಬೆರಳಿನಲ್ಲಿತ್ತು, ಮಾತು ಅಲ್ಲಿಗೆ ಮುಗಿಯಿತು, ಅವಳಿಗೆ. ಏನನ್ನು ಒಪ್ಪಿಕೊಂಡು ಬಂದಳು, ಯಾರ ಹೆಸರು ಹೇಳಿದಳು, ಯಾವುದನ್ನು ಹೇಳಿಬಂದ ಮೇಲೆ ಹೆಂಗಸು ಉಂಗುರ ತೆಗೆಯುತ್ತಾಳೆ. ಕಂಪ್ಯೂಟರಿನಲ್ಲಿ ಹುಡುಕಬಹುದಿತ್ತು, ಈ ಪರೀಕ್ಷೆಯಲ್ಲಿ ಏನು ಮಾಡುತ್ತಾರೆ, ಎಲ್ಲಿ ಕೂರಿಸುತ್ತಾರೆ ಎಂದು ಎರಡು ಸಾಲು ಓದಬಹುದಿತ್ತು, ಆದರೆ ಅಂಗಳದವರೆಲ್ಲರಿಗೂ ಗೊತ್ತು, ಸುಳ್ಳುಪತ್ತೆಯ ಬಗ್ಗೆ ಓದಿದ್ದೀರಾ ಎಂಬುದೇ ಮೊದಲ ಪ್ರಶ್ನೆ, ಓದಿದವನು ಮೋಸಕ್ಕೆ ತಯಾರಾದವನು. ತಾನು ಓದಲಿಲ್ಲ. ಎರಡು ವರ್ಷ ಶುದ್ಧನಾಗಿ, ದಡ್ಡನಾಗಿ ಇದ್ದ. ಬದಲಿಗೆ ಅವಳು ಸ್ನಾನಕ್ಕೆ ಹೋದಾಗಲೆಲ್ಲ ಸೋಪಿನ ಪಕ್ಕ ಉಂಗುರ ಇದೆಯಾ ನೋಡಿದ, ಪಾತ್ರೆ ತೊಳೆಯುವಾಗ ನೋಡಿದ, ಗುರುವಾರ ಬೆಳಿಗ್ಗೆ ಮರೆಯದೆ ನೋಡಿದ.

ಅಕ್ಟೋಬರಿನ ಒಂದು ಗುರುವಾರ ನೋಡಿದ್ದು ಸಾಲದೆ ಹಿಂದೆಯೇ ಹೋದ. ಗ್ರೇಡಿಯ ಕಾರು ಮುಂದೆ, ಮೂರು ಕಾರು ಬಿಟ್ಟು ತಾನು, ಅವರು ಹೋಟೆಲಿಗೆ ತಿರುಗುತ್ತಾರೆ ಈಗ, ಈಗ, ತಿರುಗಿದ್ದು ಹೆದ್ದಾರಿಯಿಂದ ಬಲಕ್ಕೆ ಒಡೆಯುವ ದಾರಿಗೆ, ಸರ್ಕಾರದ ಗುಪ್ತ ಕಚೇರಿಯ ನೌಕರರಿಗೆ ಮಾತ್ರ ಎಂಬ ದೊಡ್ಡ ಫಲಕ, ಓದಿದ, ಓದಿಯೂ ಸ್ಟೀರಿಂಗ್ ತಿರುಗಿಸಿದ, ಹೊಕ್ಕ ಮೇಲೆ ಹಿಂದಕ್ಕೆ ದಾರಿಯಿಲ್ಲ, ನೇರ ಕಾವಲು ಗೇಟಿಗೆ. ಮುಂದಿನ ಕಾರು ಸಲೀಸಾಗಿ ಒಳಗೆ ಹೋಯಿತು, ಅವರು ಹೋಗಿದ್ದು ಕೆಲಸಕ್ಕೇ, ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕಾವಲಿನವನು ಲೈಸೆನ್ಸು ಇಸಿದುಕೊಂಡು ಹೆಸರು ಬರೆದುಕೊಂಡ. ದಾರಿ ತಪ್ಪಿತಾ, ಸರ್? ಹೂಂ, ತಪ್ಪಿತು. ದಿನಾ ಹತ್ತು ಜನ ಹೀಗೇ ಬರ್ತಾರೆ, ಅಲ್ಲಿ ತಿರುಗಿಸ್ಕೊಂಡು ಹೋಗಿ. ಅಷ್ಟೇ. ಅಷ್ಟೇ ಎಂದುಕೊಂಡು ಐದು ತಿಂಗಳು.

ಕೀತ್ ಪ್ರಶ್ನೆಗಳನ್ನು ಮೊದಲೇ ಓದಿ ಹೇಳುತ್ತಿದ್ದ, ಯಂತ್ರ ಕಟ್ಟುವ ಮುಂಚೆ ಎಲ್ಲವನ್ನೂ ಮಾತಾಡಿಕೊಳ್ಳೋಣ, ಇಲ್ಲಿ ಅಚ್ಚರಿಯ ಪ್ರಶ್ನೆ ಅಂತ ಯಾವುದೂ ಇಲ್ಲ. ಬೇರೆ ದೇಶದವರಿಗೆ ಏನಾದರೂ ಕೊಟ್ಟಿದ್ದೀರಾ, ಇಲ್ಲ. ಮಾದಕ ವಸ್ತು, ಕಾಲೇಜಿನಲ್ಲಿ ಎರಡು ಸಲ, ಅರ್ಜಿಯಲ್ಲೇ ಬರೆದಿದ್ದೇನೆ. ಭದ್ರತೆಯವರಿಗೆ ಯಾರಿಗಾದರೂ ಸುಳ್ಳು ಹೇಳಿದ್ದೀರಾ? ಕೀತ್ ತಲೆಯೆತ್ತಿ ನೋಡಲೂ ಇಲ್ಲ, ಮಾಮೂಲಿ ಪ್ರಶ್ನೆ, ಕಾವಲಿನವನು ಹೆಸರು ಬರೆದ ಆ ಕಾಗದ ಇವನ ಮುಂದೆ ಇದೆಯೋ ಇಲ್ಲವೋ, ದಿನಾ ಹತ್ತು ಜನರ ಹೆಸರು ಯಾವ ಕಪಾಟಿಗೆ ಹೋಗುತ್ತದೋ. ಹೇಳಿಬಿಟ್ಟರೆ? ಹೇಳಿದರೆ ಯಾಕೆ ಹೋದಿರಿ ಎನ್ನುತ್ತಾರೆ, ಹೆಂಡತಿಯ ಮೇಲೆ ಅನುಮಾನ ಎನ್ನಬೇಕು, ಯಾವ ಅನುಮಾನ, ಯಾರ ಜೊತೆ, ಅದು ಅವಳ ಕಡತಕ್ಕೆ ಹೋಗುತ್ತದೆ, ಅವಳನ್ನು ಮತ್ತೆ ಇದೇ ಕುರ್ಚಿಗೆ ಕರೆಯುತ್ತಾರೆ, ನಿಮ್ಮ ಗಂಡ ಹೀಗೆ ಹೇಳಿದ್ದಾರೆ ಎಂದು ಇದೇ ಪಾದ್ರಿಯ ದನಿಯಲ್ಲಿ ಓದಿ ಹೇಳುತ್ತಾರೆ. ಇಲ್ಲ, ಎಂದ ವೆಂಡೆಲ್. ಇವತ್ತು ಬೆಳಿಗ್ಗೆ ಅವಳು ಬಾಗಿಲ ತನಕ ಬಂದು ಕಾಲರು ಸರಿಮಾಡಿದಳು. ಸುಮ್ನೆ ನಿಜ ಹೇಳಿಬಿಡು ವೆನ್, ನಿನ್ನ ಹತ್ರ ಮುಚ್ಚಿಡೋಕೆ ಏನಿದೆ. ನೀನೊಬ್ಬ ಒಳಗೆ ಬಾ ಸಾಕು, ಒಬ್ಬಳೇ ಸ್ಯಾಂಡ್‌ವಿಚ್ ತಿಂದು ತಿಂದು ಬೇಜಾರಾಗಿದೆ. ಒಬ್ಬಳೇ ಎಂದಳಲ್ಲ, ಗ್ರೇಡಿ ಎಲ್ಲಿಗೆ ಹೋದ. ಆಮೇಲೆ ವೆಂಡೆಲ್‌ನ ಎಡಗೈ ಹಿಡಿದು ಬೆರಳು ನೋಡಿದಳು, ಏನೋ ಹೇಳಲು ಹೊರಟಳು, ಬಾಯಿ ಮುಚ್ಚಿಕೊಂಡಳು. ಕಾರಿನಲ್ಲಿ ಮುಕ್ಕಾಲು ಗಂಟೆ ಅದನ್ನೇ ಅಗಿದಿದ್ದ, ಏನು ಹೇಳಲು ಹೊರಟಳು, ಉಂಗುರ ನೋಡಿ ಏನು ನೆನಪಾಯಿತು ಅವಳಿಗೆ.

ಎದೆಗೆ ಒಂದು ಪಟ್ಟಿ, ಹೊಟ್ಟೆಗೆ ಇನ್ನೊಂದು, ತೋಳಿಗೆ ರಕ್ತದೊತ್ತಡ ನೋಡುವ ಬಟ್ಟೆ. ಎಡಗೈ ಕೊಡಿ, ಎಂದ ಕೀತ್, ಕೈಯಲ್ಲಿ ಎರಡು ಪುಟ್ಟ ಲೋಹದ ತಗಡು, ಬೆವರು ಅಳೆಯೋದು ಇವು, ಒಂದು ತೋರುಬೆರಳಿಗೆ, ಒಂದು ಈ ಬೆರಳಿಗೆ. ಉಂಗುರ ತೆಗೀಬೇಕಾಗತ್ತೆ, ಮಿಸ್ಟರ್ ಸ್ಟ್ರೌಡ್. ಏನಂದಿರಿ. ಉಂಗುರ. ಎಲ್ಲರದೂ ತೆಗೆಸ್ತೀವಿ, ತಗಡಿಗೆ ಅಡ್ಡ ಬರತ್ತೆ. ಆಮೇಲೆ ಹಾಕ್ಕೊಳ್ಳೋದು ಮಾತ್ರ ಮರೀಬೇಡಿ, ಅರ್ಧ ಜನ ಜೇಬಲ್ಲೇ ಇಟ್ಕೊಂಡು ಹೋಗ್ತಾರೆ. ಎಲ್ಲರದೂ. ಒಂಬತ್ತು ವರ್ಷ ತೆಗೆಯದ ಉಂಗುರ ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತು, ಕೀತ್ ಕೈಗೆ ಹಚ್ಚುವ ಕ್ರೀಮು ಕೊಟ್ಟ, ತಾನೇ ತಿರುಗಿಸಿ ಎಳೆದ, ಬಂತು, ಕೆಳಗೆ ಬಿಳಿ ಗೆರೆ, ಅವಳದ್ದೇ ಗೆರೆ, ಅದೇ ಅಗಲ. ಎಲ್ಲರದೂ ತೆಗೆಸ್ತೀವಿ. ಹೇಳೋ ಹಾಗಿಲ್ಲ ವೆನ್, ಮಡಚಿಕೊಂಡ ಬೆರಳು, ಚೀಲದೊಳಗೆಲ್ಲೋ ಉಂಗುರ, ಮರೆತಿದ್ದಳು, ದಣಿದಿದ್ದಳು, ಅಷ್ಟೇ, ಇವತ್ತು ಬೆಳಿಗ್ಗೆಯೂ ಅಷ್ಟೇ, ಉಂಗುರ ಮನೆಯಲ್ಲೇ ಬಿಟ್ಟು ಹೋಗು ಎನ್ನಲು ಬಂದ ಬಾಯಿ, ನಿಯಮ ಪಾಲಿಸುವ ಹೆಂಗಸಿನ ಬಾಯಿ, ಮುಚ್ಚಿಕೊಂಡಿತು. ಅಯ್ಯೋ ಮಂಕೇ. ತಗಡುಗಳು ತಣ್ಣಗೆ ಕೂತವು. ಕೀತ್ ಬೆನ್ನ ಹಿಂದೆ ಹೋದ. ಗೋಡೆ ನೋಡ್ತಾ ಹೌದು ಅಥವಾ ಇಲ್ಲ ಅನ್ನಿ ಸಾಕು. ನಿಮ್ಮ ಹೆಸರು ವೆಂಡೆಲ್ಲಾ? ಹೌದು. ಇವತ್ತು ಮಂಗಳವಾರಾನಾ? ಹೌದು. ಭದ್ರತೆಯವರಿಗೆ ಸುಳ್ಳು ಹೇಳಿದ್ದೀರಾ? ಗೋಡೆ, ಫಲಕ, ಗೇಟು, ದಾರಿ ತಪ್ಪಿತಾ ಸರ್, ಹೌದು, ಎಂದಿತು ಬಾಯಿ, ತನ್ನದೇ ಬಾಯಿ. ಹಿಂದೆ ಯಂತ್ರದ ಸದ್ದು ನಿಂತಿತು. ತೋಳಿನ ಬಟ್ಟೆ ಸಡಿಲವಾಯಿತು. ಕೀತ್ ಕುರ್ಚಿ ಎಳೆದುಕೊಂಡು ಎದುರು ಬಂದು ಕೂತ, ಪೆನ್ನು ತೆರೆದ, ಪೂರ್ತಿ ಕೇಳಿಸಿಕೊಂಡ, ಗೇಟು, ಅಕ್ಟೋಬರು, ಗುರುವಾರ, ಮುಂದಿನ ಕಾರಿನಲ್ಲಿ ಹೆಂಡತಿ, ಬರೆದುಕೊಳ್ಳುತ್ತ ಹೋದ, ನಡೀನಳ ಹೆಸರು ಬರೆದು ಕೆಳಗೆ ಗೆರೆ ಎಳೆದ. ಅವರ ಮೇಲೆ ಅನುಮಾನ ಬರೋ ಹಾಗೆ ನೀವು ಏನು ನೋಡಿದ್ರಿ, ಮಿಸ್ಟರ್ ಸ್ಟ್ರೌಡ್? ಏನು ನೋಡಿದೆ, ತಟ್ಟೆಗೆ ಚಾಚಿದ ಕೈ, ಬೆರಳು, ಉಂಗುರವಿದ್ದ ಜಾಗ, ಮಿಸ್ಟರ್ ಸ್ಟ್ರೌಡ್? ಬೆರಳು, ಬಿಳಿ ಗೆರೆ, ತೊಡೆಯ ಮೇಲೆ ತನ್ನದೇ ಕೈ, ತಗಡಿನ ಪಕ್ಕದಲ್ಲಿ ಬಿಳಿ ಗೆರೆ, ನೋಡಿದ್ದು ಅಷ್ಟೇ.