ಕಣ್ಣು ಹೊತ್ತ ಕೆಂಪು ಕಾರು

ನಾನೊಂದು ಕೆಂಪು ಬಣ್ಣದ ಪುಟ್ಟ ಕಾರು. ಕಾರ್ಖಾನೆಯಿಂದ ಹೊರಬಿದ್ದ ದಿನವೇ ನನಗೆ ಗೊತ್ತಾಗಿತ್ತು, ನಾನು ಬಡವರ ಮನೆಗೆ ಹುಟ್ಟಿದ ಕೂಸು ಎಂದು. ಪಕ್ಕದಲ್ಲಿ ನಿಂತ ಕಾರುಗಳಿಗೆ ಎಸಿ, ಹಾಡಿನ ಪೆಟ್ಟಿಗೆ, ಗುಂಡಿ ಒತ್ತಿದರೆ ಇಳಿಯುವ ಗಾಜು. ನನಗೆ ಕೈಯಿಂದ ತಿರುಗಿಸುವ ಹಿಡಿಕೆ, ಗಾಳಿ ಬೇಕೆಂದರೆ ಹೊರಗಿನ ಬಿಸಿಗಾಳಿ. ಲಾರಿಯ ಮೇಲೆ ಗದಗಕ್ಕೆ ಬಂದಿಳಿದಾಗ, ನನ್ನನ್ನು ಯಾರು ಕೇಳುತ್ತಾರೆ ಎಂದು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದೆ.

ಕೇಳಿದವರು ಚನ್ನಮಲ್ಲಪ್ಪ. ಬಸ್ ಕಂಡಕ್ಟರ್ ಆಗಿ ಜೀವಮಾನವಿಡೀ ನಿಂತೇ ಪ್ರಯಾಣ ಮಾಡಿದವರು, ನಿವೃತ್ತಿಯಾದ ಮೇಲಾದರೂ ಕೂತು ಹೋಗಬೇಕೆಂದು ನನ್ನನ್ನು ಕೊಂಡರು. ಹೊರಡುವ ಮುಂಚೆ ಕಿಟಕಿಯಿಂದ ತಲೆ ಹೊರಗೆ ಹಾಕಿ ತಮಗೆ ತಾವೇ "ರೈಟ್" ಅನ್ನುತ್ತಿದ್ದರು. ಹೆಂಡತಿ ಕಸ್ತೂರೆವ್ವ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂರುತ್ತಿದ್ದರು. ಗಂಡನ ಪಕ್ಕ ಕೂರಲು ಅವರಿಗೆ ನಾಚಿಕೆ. ಮಾತೂ ಕಡಿಮೆ, ಏನು ಕೇಳಿದರೂ "ಹೂಂನ್ರಿ". ಮಕ್ಕಳಿಲ್ಲದ ಮನೆ, ಹಾಗಾಗಿ ಮುದ್ದೆಲ್ಲ ನನ್ನ ಪಾಲಿಗೇ. ಭಾನುವಾರ ಸ್ನಾನ, ಆಯುಧಪೂಜೆಗೆ ಚೆಂಡುಹೂವಿನ ಮಾಲೆ, ಬಾನೆಟ್ಟಿಗೆ ವಿಭೂತಿ. ಸುಖವಾಗಿದ್ದೆ.

ಆಮೇಲೆ ಅವರ ಮೊಣಕಾಲು ಕೈಕೊಟ್ಟಿತು. ಕ್ಲಚ್ ತುಳಿಯಲಾಗದೆ ನನ್ನನ್ನು ಮನೆಯ ಮುಂದೆ ನಿಲ್ಲಿಸಿದರು. ಗುಜರಿಯವನಿಗೆ ಕೊಟ್ಟುಬಿಡಿ ಎಂದು ಓಣಿಯವರೆಲ್ಲ ಉಪದೇಶ ಮಾಡಿದರು. ಅದನ್ನು ಕೇಳಿಯೇ ನನಗೆ ಅರ್ಧ ಜೀವ ಹೋಗಿತ್ತು. ಚನ್ನಮಲ್ಲಪ್ಪ ಮಾತ್ರ ಒಂದು ದಿನ ನನ್ನನ್ನು ಧರ್ಮಾರ್ಥ ಕಣ್ಣಿನ ಆಸ್ಪತ್ರೆಯೊಂದಕ್ಕೆ ದಾನ ಮಾಡಿದರು. ಕೀಲಿಯನ್ನು ಅಲ್ಲಿಯ ಚಾಲಕ ಮೌಲಾಲಿಯ ಕೈಗಿಟ್ಟು, "ಇನ್ನ ಇದು ನಂದಲ್ಲಪಾ. ನನ್ನ ಕಣ್ಣೂ ಕೊಡ್ತೀನಂತ ಹೇಳೇನಿ, ಮುಂದ ಅವನ್ನ ಒಯ್ಯಾಕೂ ಇದರಾಗ ಬಾ" ಎಂದು ನಕ್ಕರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಮುದುಕ ಮುದುಕಿಯರನ್ನು ಪೊರೆ ತೆಗೆಸಲು ಕರೆದೊಯ್ಯುವ ಕೆಲಸ ಸಿಗುತ್ತದೆ ಎಂದು ಎಣಿಸಿದ್ದೆ. ಮೊದಲ ದಿನವೇ ಮೌಲಾಲಿ ನನ್ನನ್ನು ಸಾವಿನ ಮನೆಯೊಂದರ ಮುಂದೆ ನಿಲ್ಲಿಸಿದ. ಜೊತೆಗೆ ಬಂದಿದ್ದ ಆಸ್ಪತ್ರೆಯ ಡಾಕ್ಟರ್ ಫಿಲೋಮಿನಾ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಸಣ್ಣ ಐಸ್ ಪೆಟ್ಟಿಗೆ ಹಿಡಿದು ಬಂದರು. ಅದನ್ನು ಕಸ್ತೂರೆವ್ವ ಕೂರುತ್ತಿದ್ದ ಸೀಟಿನ ಮೇಲೆ ಇಟ್ಟರು. ಒಳಗಿದ್ದದ್ದು ಕಣ್ಣು! ಸತ್ತವರ ಕಣ್ಣು! ನನ್ನ ಎಂಜಿನ್ ಗಕ್ಕನೆ ನಿಂತುಹೋಯಿತು. "ಬ್ಯಾಟರಿ ಇಳದೈತಿ" ಎಂದು ಮೌಲಾಲಿ ಬಾನೆಟ್ ಎತ್ತಿದ. ಬ್ಯಾಟರಿಯಲ್ಲಪ್ಪಾ, ಹೆದರಿಕೆ.

ಮದುವೆಗಳಿಗೆ ಹೋಗುತ್ತಿದ್ದ ನಾನು ಸಾವಿಗೇ ಹೋಗತೊಡಗಿದೆ. ನನ್ನನ್ನು ಕಂಡರೆ ಜನ ಮುಖ ತಿರುಗಿಸುತ್ತಿದ್ದರು. ದಾರಿಯುದ್ದಕ್ಕೂ ಡಾಕ್ಟರ್ ಫೋನಿನಲ್ಲಿ ಹೇಳುವ ಮಾತು ಒಂದೇ. ಫ್ಯಾನ್ ಆರಿಸಿ, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ, ನಾವು ಬಂದೆವು. ಆರು ತಾಸು ಮೀರಿದರೆ, ಗಾಳಿಗೆ ಕಣ್ಣು ಒಣಗಿದರೆ, ಕೊಟ್ಟ ದಾನ ಮಣ್ಣುಪಾಲು.

ಒಂದು ಬೇಸಿಗೆಯ ಮಧ್ಯಾಹ್ನ ಕರೆ ಬಂತು. ಹೊರಟ ಮೇಲೆ ನೋಡುತ್ತೇನೆ, ಪ್ರತಿ ತಿರುವೂ ಪರಿಚಯದ್ದು. ಬೇಡ, ಬೇಡ ಎಂದು ಗೇರನ್ನು ಬಿಗಿಹಿಡಿದೆ. ಮೌಲಾಲಿ ಬಿಡಲಿಲ್ಲ. ನಿಂತದ್ದು ನಮ್ಮ ಮನೆಯ ಮುಂದೆಯೇ.

ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಚನ್ನಮಲ್ಲಪ್ಪನವರನ್ನು ಮನೆತನದ ಪದ್ಧತಿಯಂತೆ ಗೋಡೆಗೆ ಆನಿಸಿ, ಹಣೆತುಂಬ ವಿಭೂತಿ ಬಳಿದು ಕೂರಿಸಿದ್ದರು. ನನ್ನ ಮೈಗೆ ಬರೆ ಎಳೆದಂತಾಯಿತು. ಹಾರ್ನ್ ಇದ್ದೂ ಅಳಲಾಗದ ಜನ್ಮ ನನ್ನದು. ಅವರ ಕಣ್ಣಿನ ಮೇಲೆ ಒದ್ದೆ ಹತ್ತಿ ಇತ್ತು. ನೆರೆದವರೆಲ್ಲ ಬೆವರಿ ತೊಪ್ಪೆಯಾಗಿದ್ದರು. ಫ್ಯಾನಿನ ಗುಂಡಿಗೆ ಬೆನ್ನು ಕೊಟ್ಟು, ಗೋಡೆಗೆ ಒತ್ತಿಕೊಂಡು ನಿಂತವರು ಕಸ್ತೂರೆವ್ವ.

"ಸರಿ ಅತ್ತಾಗ! ಮಂದಿ ಕುದ್ದು ಹೋಗಾಕತ್ತೈತಿ" ಎಂದು ಗದರಿದರು ಗುರುಸಿದ್ದವ್ವ. ಅವರು ಚನ್ನಮಲ್ಲಪ್ಪನವರ ಅಕ್ಕ, ಆ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಡಾಕ್ಟರನ್ನು ಕಂಡದ್ದೇ ಇನ್ನಷ್ಟು ಕೆರಳಿದರು. "ಕುಂಡ್ರಿಸಿ ಆಗೇತಿ, ಇನ್ನ ಮಲಗಸಾಕ ಬರೂದಿಲ್ಲ. ಕಣ್ಣ ಕಿತ್ತರ ನನ್ನ ತಮ್ಮ ಮುಂದಿನ ಜನ್ಮದಾಗ ಕುರುಡ ಹುಟ್ಟತಾನ. ನಡೀರಿ ನೀವು!"

"ಮಲಗಸೂದು ಬ್ಯಾಡ್ರೀ ಅಮ್ಮಾ, ಕುಂತಲ್ಲೇ ತಗೋತೀವಿ" ಅಂದರು ಡಾಕ್ಟರ್. "ಆದ್ರ ಅವರ ಮನೀಯವರು ಹೂಂ ಅನಬೇಕ್ರಿ."

ಎಲ್ಲರೂ ಕಸ್ತೂರೆವ್ವನತ್ತ ತಿರುಗಿದರು. ಮುಗಿಯಿತು ಎಂದುಕೊಂಡೆ. ಆ ಹೆಣ್ಣುಮಗಳು ಗಂಡನ ಅಕ್ಕನೆದುರು ತಲೆ ಎತ್ತಿದ್ದನ್ನೇ ನಾನು ಕಂಡಿರಲಿಲ್ಲ.

"ಅಕ್ಕಾರ," ಅಂದರು ಅವರು. "ಅವರು ಕಾರ್ ಕೊಟ್ಟಾಗ ಕಣ್ಣೂ ಕೊಟ್ಟಾರ್ರಿ. ಹೊರಗ ನಿಂತೈತಿ ನೋಡ್ರಿ ಕಾರ್, ಅದನ್ನ ನಾ ತಿರುಗಿ ಕೇಳಿದ್ನೇನ್ರಿ? ಇದನ್ನ ಹೆಂಗ ಕೇಳ್ಲಿ? ಕುರುಡ ಹುಟ್ಟಿದ್ರ ಹುಟ್ಟಲಿ. ನಾನೂ ಅವರ ಕೂಡನ ಹುಟ್ಟತೀನಿ, ಕೈ ಹಿಡದು ನಡಸ್ತೀನಿ."

ನಾನಂತೂ ಬೆಕ್ಕಸ ಬೆರಗಾದೆ. "ಹೂಂನ್ರಿ" ಬಿಟ್ಟರೆ ಬೇರೆ ಮಾತು ಅವರ ಬಾಯಲ್ಲಿದೆ ಎಂದೇ ನನಗೆ ತಿಳಿದಿರಲಿಲ್ಲ. ಗುರುಸಿದ್ದವ್ವ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತರು. ಡಾಕ್ಟರ್ ಚನ್ನಮಲ್ಲಪ್ಪನವರ ಮುಂದೆ ಮೊಣಕಾಲೂರಿದರು. ಯಾರೋ ಬಾಗಿಲು ಮುಚ್ಚಿದರು.

ಪೆಟ್ಟಿಗೆ ಹೊರಬಂದಾಗ ಕಸ್ತೂರೆವ್ವ ಅದರ ಹಿಂದೆಯೇ ಬಂದರು. ನನ್ನ ಬಾಗಿಲಿನ ಮೇಲೆ ಅಂಗೈ ಇಟ್ಟು ಮೌಲಾಲಿಗೆ "ಸಾವಕಾಶ ಹೋಗ್ರಿ" ಅಂದರು. ಮರುಕ್ಷಣವೇ ಕೈ ತೆಗೆದರು. "ಅಯ್ಯ, ಬ್ಯಾಡ. ಲಗೂ ಹೋಗ್ರಿ."

ಹುಟ್ಟಿದಾಗಿನಿಂದ ಹಾಗೆ ಓಡಿರಲಿಲ್ಲ ನಾನು. ಆಸ್ಪತ್ರೆ ಮುಟ್ಟಿದ್ದೇ ಎಂಜಿನ್ ಹೋಯಿತು. ರಿಪೇರಿಗೂ ಮೀರಿದೆ ಎಂದು ಮೆಕ್ಯಾನಿಕ್ ಕೈಚೆಲ್ಲಿದ. ಈಗ ಆಸ್ಪತ್ರೆಯ ಹಿತ್ತಲಲ್ಲಿ, ಚಕ್ರದ ಗಾಳಿ ಇಳಿದು, ಗುಜರಿಯವನ ದಾರಿ ಕಾಯುತ್ತಿದ್ದೇನೆ.

ಯಾರ ಕಣ್ಣು ಯಾರಿಗೆ ಹೋಯಿತೆಂದು ಆಸ್ಪತ್ರೆಯವರು ಯಾರಿಗೂ ಹೇಳುವುದಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಹೊರಬರುವವರು ಕಂಡದ್ದನ್ನೆಲ್ಲ ನೋಡುತ್ತಾರೆ: ಗೋಡೆ, ನಲ್ಲಿ, ಮಲಗಿದ ನಾಯಿ, ನಾನು. ಮೊನ್ನೆ ಒಬ್ಬ ಹೆಂಗಸು ನನ್ನೆದುರು ನಿಂತು, ಬಹಳ ಹೊತ್ತು ದಿಟ್ಟಿಸಿ, ಜೊತೆಗಿದ್ದ ತಂಗಿಯನ್ನು ಕೇಳಿದಳು, "ಇದು ಕೆಂಪ ಅಲ್ಲೇನವಾ?"

ಬಣ್ಣ ಅರ್ಧ ಉದುರಿ, ಮೈಯೆಲ್ಲ ತುಕ್ಕು ಎದ್ದ ಈ ಸ್ಥಿತಿಯಲ್ಲಿ ನಿಂತಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವು ನಮ್ಮವರ ಕಣ್ಣೋ, ಬೇರೆ ಯಾರದ್ದೋ, ನನಗೆ ತಿಳಿಯುವ ದಾರಿಯಿಲ್ಲ. ಅವು ನನ್ನನ್ನು ನೋಡುತ್ತಲೇ ಇದ್ದವು.