ಕಾದಂಬರಿಯೊಳಗೆ ಹೋದ ಕೈ

೧
ಎಲ್ಲಿಂದ ಎತ್ತಿಕೊಳ್ಳಲಿ? ಕಲಬುರಗಿಯ ಸೇಡಂ ರಸ್ತೆಯ ಮನೆಯಲ್ಲಿ ಹೆಸರಾಂತ ಕಾದಂಬರಿಕಾರ್ತಿ ಶೀಲಾ ಚಹಾ ಮುಗಿಸಿ ಓದುಗರ ಪತ್ರಗಳಿಗೆ ಉತ್ತರ ಬರೆಯಲು ಕೂರುವಲ್ಲಿಂದಲೋ, ಕಮಲಾಪುರದಲ್ಲಿ ಮಾಳಮ್ಮ ಬಸ್ಸು ಹತ್ತುವಲ್ಲಿಂದಲೋ? ನಾನು ಹೊಲದ ಕಡೆಯವನು, ನಿಧಾನದ ಮನುಷ್ಯ. ಬಸ್ಸಿನಿಂದ ಶುರು ಮಾಡಿದರೆ ಅದು ಊರು ಮುಟ್ಟುವುದರೊಳಗೆ ಪುಟ ಮುಗಿದಿರುತ್ತದೆ. ಮಾಳಮ್ಮ ಆಗಲೇ ಬಾಗಿಲಲ್ಲಿದ್ದಾಳೆ ಎಂದುಕೊಳ್ಳಿ.

೨ (ಹೊಡೆದುಹಾಕಿದ್ದು)
ಶೀಲಾಳ ಮೇಜಿನ ಮೇಲೆ ಬಿಸಿಲು ಚಿನ್ನದಂತೆ ಹರಡಿತ್ತು.
(ಕಲಬುರಗಿಯ ಬಿಸಿಲನ್ನು ಚಿನ್ನ ಎನ್ನುವವನು ಅದರಲ್ಲಿ ನಿಂತವನಲ್ಲ. ಬಿಡಿ.)

ಮತ್ತೆ ೨
ಶೀಲಾ ಎಲ್ಲರಿಗೂ ಉತ್ತರಿಸುತ್ತಾಳೆ: ಹೋಮ್‌ವರ್ಕ್ ಕೇಳುವ ಮಕ್ಕಳಿಗೆ, ತಮ್ಮ ಕಾದಂಬರಿಯನ್ನೇ ಪಾರ್ಸೆಲ್ ಮಾಡುವ ನಿವೃತ್ತರಿಗೆ. ‘ಈ ಪಾತ್ರ ಇಂಥವರೇ ಅಲ್ಲವೇ?’ ಎಂದು ಕೇಳಿದವರಿಗೆ ಮಾತ್ರ ಕಾರ್ಡಿನಲ್ಲಿ ಒಂದೇ ಸಾಲು: ಕತೆ ಕತೆಯೇ, ನಮಸ್ಕಾರ. ಮಾಳಮ್ಮ ಬರೆಸಿದ ಪತ್ರಕ್ಕೆ ಹೋದ ಅಂಥದೊಂದು ಕಾರ್ಡು ಈಗ ಅವಳ ಕೈಯಲ್ಲಿತ್ತು.

“ಇದು ನೀವೇ ಬರದದ್ದೇನ್ರಿ ಅಕ್ಕೋರ?”

“ನಾನೇ. ಕೂಡ್ರಿ.”

“ಕೂಡಾಕ ಬಂದಿಲ್ರಿ. ಆದ್ರ ಬಸ್ಸಿನ್ಯಾಗ ನಿಂತು ಬಂದೀನಿ, ಕೂಡ್ತೀನಿ.”

ಸಂಗತಿ ಇಷ್ಟು. ಶೀಲಾಳ ಕಾದಂಬರಿಯಲ್ಲಿ ಕೆಂಪು ಬಾಳೆಯ ತೋಟದವಳೊಬ್ಬಳು ಗಂಡನನ್ನು ಬಿಟ್ಟು ಲಾರಿ ಡ್ರೈವರನ ಜೊತೆ ಹೋಗುತ್ತಾಳೆ. ಹೆಸರು ಬೇರೆ, ಊರು ಬೇರೆ. ಆದರೆ ಅವಳು ಗೊನೆ ಕಡಿಯುವುದು ಎಡಗೈಯಿಂದ. ಕಮಲಾಪುರದಲ್ಲಿ ಹಾಗೆ ಕಡಿಯುವವಳು ಮಾಳಮ್ಮ ಒಬ್ಬಳೇ. ಹಿಂದೊಮ್ಮೆ ತೋಟ ನೋಡಲು ಹೋದಾಗ ಶೀಲಾ ಆ ಕೈ ಕಂಡಿದ್ದಳು. ಬರೆಯುವವರು ಹೆಸರು ಬದಲಿಸುತ್ತಾರೆ. ಕಣ್ಣಿಗೆ ಬಿದ್ದದ್ದನ್ನು ಬಿಡಲಾರರು.

“ನಾ ಎಲ್ಲೂ ಹೋಗಿಲ್ರಿ, ತ್ವಾಟದಾಗೇ ಅದೀನಿ. ಆದ್ರ ಯಾವನೋ ನಿಮ್ಮ ಬುಕ್ ಓದಿ ಹೇಳಿದಾಗಿಂದ ನನ್ನ ಗಂಡ ರೇವಣ ನಾ ಮಾಡಿದ್ದು ಉಣ್ಣಂಗಿಲ್ಲ. ಅಣ್ಣನ ಮನ್ಯಾಗ ಉಣ್ತಾನ.”

“ಅದು ನೀವಲ್ಲ, ಮಾಳಮ್ಮ.”

“ನಾ ಅಲ್ಲಂದ್ರ ನನ್ನ ಕೈ ಯಾಕ ತಗೊಂಡ್ರಿ?”

ಶೀಲಾ ಅವಳ ಕೈಯಲ್ಲಿದ್ದ ಕಾರ್ಡು ನೋಡಿದಳು. ಕಾರ್ಡಿನಲ್ಲಾದರೆ ಒಂದು ಸಾಲು ಸಾಕಿತ್ತು.

(ಓದುಗರೇ, ಎಡಗೈ ಎಂಬುದು ನಾನು ಇಟ್ಟದ್ದು. ಶೀಲಾ ಬರೆದ ನಿಜವಾದ ಗುರುತು ಬೇರೇನೋ. ಅದನ್ನೇ ನಾನೂ ಬರೆದರೆ ಮಾಳಮ್ಮ ಮತ್ತೆ ಬಸ್ಸು ಹತ್ತುತ್ತಾಳೆ, ಈ ಸಲ ನಮ್ಮ ಮನೆಗೆ.)

೩
ಅದೇ ಕಾದಂಬರಿ ಅಚ್ಚಾಗುವ ಕಪನೂರದ ಪ್ರೆಸ್ಸಿನಿಂದ ಹಮೀದನ ಫೋನು. “ಮೇಡಂ, ಎರಡನೇ ಎಡಿಷನ್ದು ಪ್ರೂಫ್ ನೋಡಿದ್ರೇನು? ಮಧ್ಯಾಹ್ನ ಮಶೀನ್ ಚಾಲೂ ಮಾಡ್ತೀನಿ.”

“ಒಂದು ಸಾಲು ಅದ. ತಡೀರಿ.”

ಇಲ್ಲಿಗೆ ನನ್ನ ಬಳಿ ಮೂರು ಮುಕ್ತಾಯಗಳಿದ್ದವು.

ಅ) ಶೀಲಾ ಆ ಕೈಯ ಸಾಲನ್ನು ಹೊಡೆದುಹಾಕುತ್ತಾಳೆ.
ಶೀಲಾ ಇದನ್ನು ಬರೆಯುತ್ತಿದ್ದ ನನ್ನ ಕಡೆ ತಿರುಗಿದಳು. “ನೀ ಅಂದಿ ಅಂತ ಹೊಡೀಲೇನು? ಆ ಕೈ ಸಿಗೋತನಕ ನನ್ನ ಕತಿಯಾಕಿ ಬರೇ ಗೊಂಬಿ ಇದ್ದಳು. ಅದನ್ನ ತೆಗದ್ರ ಮತ್ತ ಗೊಂಬೀನೇ.”

ಆ) ಶೀಲಾ ಕಮಲಾಪುರಕ್ಕೆ ಹೋಗಿ ನಾಲ್ಕು ಮಂದಿಯ ಮುಂದೆ ಕಾದಂಬರಿಯವಳು ಮಾಳಮ್ಮ ಅಲ್ಲ ಎನ್ನುತ್ತಾಳೆ.
“ಬ್ಯಾಡ್ರಿ,” ಎಂದಳು ಮಾಳಮ್ಮ. “ನೀವು ಕಾರಿನ್ಯಾಗ ಬಂದು ಹಂಗಂದ್ರ ಗೊತ್ತಿಲ್ಲದೋರಿಗೂ ಗೊತ್ತಾಗ್ತದ.”

ಇ) ರೇವಣ ತಾನಾಗಿ ಮನೆಗೆ ಬಂದು ತಾಟಿನ ಮುಂದೆ ಕೂರುತ್ತಾನೆ.
“ಇದನ್ನ ಮೊದಲು ಅಳಸ್ರಿ,” ಎಂದು ಮಾಳಮ್ಮ ನನಗೇ ಹೇಳಿದಳು. “ ಅವನ್ನ ನಾ ನೋಡ್ಕೋತೀನಿ, ನೀವು ಕರ್ಕೊಂಡು ಬರೋದು ಬ್ಯಾಡ. ನಾ ಕೇಳಿದ್ದು ನನ್ನ ಕೈ ಅಷ್ಟೇ. ಅದು ಸಿಗೋತನಕ ಏಳಂಗಿಲ್ಲ.”

ಮೂರೂ ಹೋದವು.

ಶೀಲಾ ಪ್ರೂಫಿನ ಆ ಹಾಳೆ ತೆಗೆದಳು. ಓದಿದಳು. ಮಾಳಮ್ಮನ ಕೈ ನೋಡಿದಳು, ಮತ್ತೆ ಓದಿದಳು. ಇಷ್ಟು ವರ್ಷ ಯಾರು ಹೇಳಿದರೂ ಅವಳು ಅಚ್ಚಾದ ಅಕ್ಷರ ಮುಟ್ಟಿದವಳಲ್ಲ. ಪೆನ್ನು ಹಾಳೆಗೆ ತಾಗಿತು. ನಾನು ಕತ್ತು ಉದ್ದ ಮಾಡಿದೆ. ಮಾಳಮ್ಮ ಅಂಗೈಯನ್ನು ಹಾಳೆಯ ಮೇಲೆ ಅಗಲವಾಗಿ ಇಟ್ಟುಬಿಟ್ಟಳು.

“ನೀವು ನೋಡಬ್ಯಾಡ್ರಿ. ನೋಡಿದ್ರ ಬರೀತೀರಿ. ಬರದ್ರ ಊರ ಮಂದಿ ಆ ಹಾಳಿ ಹುಡುಕಿ ತೆಗೀತಾರ.”

“ಕತಿ ಮುಗಿಸಬೇಕಲ್ಲವ್ವ,” ಎಂದೆ.

“ನಿಮ್ಮ ಕತಿ ಮುಗೀಲಿಲ್ಲಂದ್ರ ಯಾರು ಉಪವಾಸ ಇರ್ತಾರ?”